ಆನಿ ಮೇಯೂ ಜಾಗ

ಶಾಹಪುರ ಅಗಸಿ ದಾಟಿ, ಚಾಂದಬಾವಡಿ ನೀರು ಹೊತ್ತು
ನಾನು ದಾದಾಮಿಯಾನ ಕಾಗದದ ಅಂಗಳಕ್ಕ ಬರಾಕ ಹತ್ತಿ
ಹನ್ನೊಂದು ವರ್ಷ. ಕೆಲಸ ಒಂದಽ:
ಗಂಜಿ ಕುಡಿದು ಒಣಗಿದ ಹಾಳಿ ಮ್ಯಾಲ
ಅಕೀಕದ ಕಲ್ಲು ಹಿಡಿದು ತಿಕ್ಕೂದು.
ನೊಣ ಕುಂತ್ರ ಜಾರಬೇಕು,
ಕಾತಿಬನ ಲೇಖಣಿ ಎಲ್ಲೂ ಎಡವಬಾರದು.
ಅಕ್ಷರ ನನಗ ಬರಂಗಿಲ್ಲ. ಅವು ನಡಿಯೂ ದಾರಿ ಗೊತ್ತೈತಿ.

ಅವತ್ತು ಗೋವಾದಿಂದ ಕುದುರಿ ಬಂದಿದ್ದವು.
ಕುದುರಿ ಜೋಡಿ ಫಿರಂಗ್ಯಾರು, ಅವರ ಜೋಡಿ ಪೆಟಗಿ,
ಪೆಟಗಿಯೊಳಗ ಅರಮನಿಗೆ ಎರಡು ಕನ್ನಡಿ.
ಘಟ್ಟ ಹತ್ತೂವಾಗ ಒಡೀಬಾರದಂತ
ಒಂದೊಂದಕ್ಕ ಒಂದೊಂದು ಹಾಳಿ ಸುತ್ತಿದ್ರು.
ಬಿಚ್ಚಿ ಒಗದದ್ದನ್ನ ದಾದಾಮಿಯಾ ಆರಿಸಿಕೊಂಡು ಬಂದ.
ಕಾಗದಗಾರ ಅಂದ್ರ ಹಂಗಽ, ಮಂದಿ ಕನ್ನಡಿ ನೋಡಿದ್ರ
ಅಂವ ಸುತ್ತಿದ್ದು ನೋಡತಾನ.

"ನಿಂಬೆವ್ವಾ, ಇದನ್ನ ತಿಕ್ಕ್ಯಾರೇನು?"
ತಿಕ್ಕಿಲ್ಲ. ಬೆರಳಿಟ್ಟ ಕೂಡಲೇ ಹೇಳಿದೆ.
ಕುರಿಮರಿ ನಾಲಿಗಿ ಇದ್ದಂಗ ಒರಟು.
ಹೊಳ್ಳಿಸಿ ಬೆನ್ನು ಸವರಿದೆ,
ಅಕ್ಷರ ಹಿಂದಕ್ಕ ಉಬ್ಬಿ ನಿಂತಿದ್ದವು,
ಬಾಸುಂಡೆ ಎದ್ದ ಮೈ ಅದು.
ಇದನ್ನ ಬರದಿಲ್ಲ ಅಣ್ಣಾ, ಹೊಡದಾರ.

ನರಸೋಪಂತ ಬಂದ. ಎರಡೂ ಹಾಳಿ ಬಿಸಿಲಿಗೆ ಹಿಡಿದ,
ಒಂದರ ಮ್ಯಾಲೊಂದು ಇಟ್ಟ. ನಕ್ಕ. ಆಮ್ಯಾಲ ನಗಲಿಲ್ಲ.
ಮೂಲ್ಯಾಗ ಒಂದು ಅಕ್ಷರದ ಕಾಲು ಮುರಿದಿತ್ತು;
ಇನ್ನೊಂದರಾಗೂ ಅದಽ ಮೂಲಿ, ಅದಽ ಕಾಲು.
"ನಲವತ್ತು ವರ್ಷ ನಕಲು ಮಾಡೀನಿ," ಅಂದ,
"ನನ್ನ ತಪ್ಪು ಒಂದರಂಗ ಒಂದಿಲ್ಲ.
ಇಲ್ಲಿ ತಪ್ಪೂ ನಕಲಾಗ್ಯದ."

ಹುಲ್ಲು ಕೇಳಾಕ ಬಂದ ಫಿರಂಗಿ ಹುಡುಗ
ಕೈಸನ್ನಿಲೇ ತೋರಿಸಿದ: ಉಲ್ಟಾ ಕೊರದ ಅಚ್ಚು, ಮಸಿ,
ಒದ್ದಿ ಹಾಳಿ, ದ್ರಾಕ್ಷಿ ಹಿಂಡೂ ಗಾಣದಂಥಾ ಗಾಣ.
ತಿಕ್ಕಿದ ಹಾಳಿ ಆ ಮಸಿ ಹಿಡಿಯಂಗಿಲ್ಲಂತ.
ಕೇಳಿ ಸುಮ್ಮನಾದೆ.
ಕಲ್ಲು ಕೈಯಾಗ ಇನ್ನೂ ಬಿಸಿ ಇತ್ತು.

ಎಷ್ಟು ಮಾಡತೀರಿ?
ಹುಡುಗ ಎರಡೂ ಕೈ ತೆರದು ಮುಚ್ಚಿ, ತೆರದು ಮುಚ್ಚಿ
ಬ್ಯಾಸತ್ತು ಬಿಟ್ಟ.

ಹಾಳಿಯೊಳಗಿದ್ದದ್ದು ಸಮುದ್ರ. ದಂಡಿಗುಂಟ ಊರ ಹೆಸರು,
ಬೆಲ್ಲಕ್ಕ ಮುತ್ತಿದ ಇರುವಿ.
ಗೋವಾ ಇದು, ಅಂದ. ದಾಬೋಳ ಇದು.
ನಮ್ಮೂರು? ಅಂದೆ. ಡೋಣಿ? ನಮ್ಮ ಉಪ್ಪುನೀರಿನ ಡೋಣಿ?
ಘಟ್ಟದ ಈಚೆ ಎಲ್ಲಾ ಬಿಳಿ. ನಡುವ ಒಂದು ಆನಿ
ಸೊಂಡಿಲು ಚಾಚಿ ಹುಲ್ಲು ಮೇಯಾಕ ಹತ್ತಿತ್ತು.
ಹೊರಗ ಪ್ಯಾಟಿ ಗದ್ದಲ, ಬಾಂಗು, ಒಂಟಿ ಕೊರಳ ಗಂಟಿ,
ಯಾರೋ ರೊಟ್ಟಿ ಬಡಿಯೂ ಸಪ್ಪಳ,
ಎಲ್ಲಾ ಆ ಆನಿಯ ಹೊಟ್ಟಿಯೊಳಗ.

ಪಂತ ಲೇಖಣಿ ಅದ್ದಿದ, ಊರ ಹೆಸರು ಬರದಽ ಬಿಡತೀನಿ ಅಂತ.
ಬ್ಯಾಡ್ರಿ, ಅಂದೆ. ಒಂದರಾಗ ಬರದ್ರ ಒಂದರಾಗ ಇರತೀವಿ.
ಉಳಿದವು ಎಲ್ಲೆಲ್ಲಿಗೋ ಹಡಗು ಹತ್ತಿ ಹೋಗ್ಯಾವು.
ಯಾವೂರಾಗೋ ಯಾವಾಕಿಯೋ ಇದಽ ಜಾಗದಾಗ ಬೆರಳಿಟ್ಟು
"ಇಲ್ಲಿ ಆನಿ ಇರತಾವ" ಅಂತ ಕೂಸಿಗೆ ಹೇಳತಿರಬೇಕು.
ಕೇಳಲಿಲ್ಲ, ಬರದ. ಗಂಜಿ ಕುಡೀದ ಹಾಳಿ,
ಮಸಿ ಹರಡಿ ವಿಜಾಪುರ ಒಂದು ಕಲೆಯಾಗಿ
ಆನಿಯ ಕಾಲಿಗೆ ಇಳೀತು.

ಸಂಜಿಗೆ ಅದನ್ನ ಸಣಬಿನ ಜೋಡಿ ಹೌದಿಗೆ ಹಾಕಿದ್ವಿ.
ಹೊಸ ಹಾಳಿಯೊಳಗ ಬೂದಿ ಉದುರಿದಂಗ ಚುಕ್ಕಿ ಉಳದವು,
ಎಷ್ಟು ತಿಕ್ಕಿದ್ರೂ ಹೋಗಲಿಲ್ಲ.
ಈಗ ಅದರ ಮ್ಯಾಲ ಕುದುರಿ ಹುಲ್ಲಿನ ಲೆಕ್ಕ ಐತಿ.

ಇನ್ನೊಂದು ನನ್ನ ಕಡೆ ಐತಿ. ದಾದಾಮಿಯಾಗ ಹೇಳಿಲ್ಲ.
ಜೋಳದ ಗಡಿಗಿ ತಳದಾಗ. ಒಮ್ಮೊಮ್ಮೆ ರಾತ್ರಿ ತಗದು
ಬೆನ್ನ ಕಡೆಯಿಂದ ಸವರತೀನಿ.
ಆನಿ ನಿಂತಲ್ಲಿ ಬೆರಳು ತಡೀತೈತಿ.